ಕೈ ಮುಟ್ಟದ ಬಿಸ್ಕತ್ತು

ಬೇರೆ ಹೆಂಗಸರು ವ್ಯಾನಿಟಿ ಬ್ಯಾಗಿನ ಯಾವ ಜೇಬಿನಲ್ಲಿ ಲಿಪ್‌ಸ್ಟಿಕ್ ಇಡುತ್ತಾರೋ ಆ ಜೇಬಿನಲ್ಲಿ ನಾನು ಒಂದು ಭೂತಗನ್ನಡಿ ಇಟ್ಟುಕೊಂಡಿದ್ದೇನೆ. ಅಂಚೆಚೀಟಿ ಸಂಗ್ರಹಿಸುವವರ ಹತ್ತಿರ ಇರುತ್ತದಲ್ಲ, ಅಂಥದ್ದು. ನಾನು ಸಂಗ್ರಹಿಸುವುದು ಚಿಂತೆಗಳನ್ನು. ಅಂಗಡಿಗೆ ಹೋದರೆ ಯಾವ ಪೊಟ್ಟಣ ಕೈಗೆ ಬಂದರೂ ಅದನ್ನು ಮೊದಲು ಬೋರಲು ಹಾಕಿ, ಬೆನ್ನ ಮೇಲೆ ಇರುವೆ ಸಾಲಿನಂತೆ ಅಚ್ಚಾದ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಅಂಗಡಿಯವನು ಫ್ಯಾನಿನ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಓದಿ ಮುಗಿಸಿ ನಿಟ್ಟುಸಿರು ಬಿಟ್ಟು ಪೊಟ್ಟಣವನ್ನು ಇದ್ದಲ್ಲೇ ಇಟ್ಟು, ಅರ್ಧ ಕಿಲೋ ಹೆಸರುಬೇಳೆ ತಕ್ಕೊಂಡು ಬರುತ್ತೇನೆ.

"ನನ್ನ ಬೆನ್ನ ಮೇಲೆ ಎಂತ ಬರ್ದದ್ದು ಅಂತ ಮದುವೆಗೆ ಮುಂಚೆ ನೋಡ್ಲಿಲ್ಲ ಅಲ್ವಾ ನೀನು?" ಎಂದು ನನ್ನ ಗಂಡ ಕೇಳುವುದುಂಟು.

"ಆಗ ಕಣ್ಣು ಚೆನ್ನಾಗಿತ್ತು. ಓದ್ಲಿಕ್ಕೆ ತಾಳ್ಮೆ ಇರ್ಲಿಲ್ಲ" ಎನ್ನುತ್ತೇನೆ.

ಹುಟ್ಟಿನಿಂದ ನಾನು ಹೀಗಿರಲಿಲ್ಲ. ಚಿಂತೆ ಮಾಡುವುದು ಹುಟ್ಟಿನಿಂದ ಬಂದದ್ದು ನಿಜ. ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ಬಸ್ಸು ಐದು ನಿಮಿಷ ತಡವಾದರೆ ಅಪ್ಪ ಸೇತುವೆಯನ್ನೇ ಬೀಳಿಸಿಬಿಡುತ್ತಿದ್ದರು, ನಾನು ಅವರದೇ ಮಗಳು. ಆದರೆ ತಿನ್ನುವ ವಿಷಯದಲ್ಲಿ ನಾನು ನಿಶ್ಚಿಂತಳಾಗಿದ್ದೆ. ಅದರಲ್ಲೂ ಬಿಸ್ಕತ್ತಿನ ವಿಷಯದಲ್ಲಿ. ನಮ್ಮ ಬಾಲ್ಯದಲ್ಲಿ ಬ್ರೆಡ್ಡು ಬಿಸ್ಕತ್ತುಗಳು ತಿಂಡಿಯಾಗಿರಲಿಲ್ಲ, ಔಷಧಿಯಾಗಿದ್ದವು. ಜ್ವರ ಬಂದರೆ ಮಾತ್ರ ಅಪ್ಪ ಪೇಟೆಯಿಂದ ಬ್ರೆಡ್ಡು ತರುತ್ತಿದ್ದರು. ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಏರಲಿ ದೇವರೇ ಏರಲಿ ಎಂದು ನಾವು ಮಕ್ಕಳು ಪ್ರಾರ್ಥಿಸುತ್ತಿದ್ದೆವು.

ಒಂದು ಸಲ ಬೊಂಬಾಯಿಯ ಮಾವ ಒಂದು ಡಬ್ಬ ಕ್ರೀಮ್ ಬಿಸ್ಕತ್ತು ತಂದರು. ನಮ್ಮ ಅಜ್ಜಿ ಮಡಿಯ ವಿಷಯದಲ್ಲಿ ಸುಪ್ರೀಂ ಕೋರ್ಟು. ಹೋಟೆಲಿನ ನೀರೂ ಆಕೆಗೆ ಮೈಲಿಗೆ. ಡಬ್ಬವನ್ನು ಚಾವಡಿಯ ಕಿಟಕಿಯಲ್ಲಿಡಿಸಿ ವಿಚಾರಣೆ ಶುರುಮಾಡಿದಳು. "ಮಾಡಿದ್ದು ಯಾರು?" "ಯಾರೂ ಅಲ್ಲ ಅತ್ತೆ, ಮಿಷನ್ನು. ಹಿಟ್ಟು ಕಲಸುದರಿಂದ ಪೊಟ್ಟಣ ಕಟ್ಟುವವರೆಗೆ ಒಬ್ಬರ ಕೈ ಸಹ ತಾಗುದಿಲ್ಲ" ಎಂದರು ಮಾವ. ಅಜ್ಜಿ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಮಿಷನ್ನಿಗೆ ಜಾತಿ ಇಲ್ಲ, ಮುಟ್ಟು ಮೈಲಿಗೆ ಇಲ್ಲ, ಆದ್ದರಿಂದ ಮಕ್ಕಳು ತಿನ್ನಬಹುದು ಎಂದು ತೀರ್ಪಾಯಿತು. ಆಕೆ ತಿನ್ನಲಿಲ್ಲ. ಡಬ್ಬವೂ ಚಾವಡಿ ದಾಟಿ ಅಡುಗೆಮನೆಗೆ ಬರಲಿಲ್ಲ. ಆದರೆ ಅಂದಿನಿಂದ ಕಾರ್ಖಾನೆಯ ಬಿಸ್ಕತ್ತೆಂದರೆ ನನ್ನ ಮನಸ್ಸಿನಲ್ಲಿ ಗಂಗೋದಕದ ನಂತರದ ಸ್ಥಾನ.

ಗಂಗೆಯ ಮಾತು ಬಂತು ನೋಡಿ. ನಾವು ಅದೇ ಗಂಗೆಯ ದಡಕ್ಕೇ ಹೋಗಿ ಬಿದ್ದೆವು. ನಾನೂ ಗಂಡನೂ ಇಬ್ಬರೂ ಬ್ಯಾಂಕಿನವರು. ವರ್ಗಾವಣೆ ನಮ್ಮನ್ನು ಕಲ್ಕತ್ತೆಗೆ ಎಸೆದಾಗ ಬಾರಾನಗರದಲ್ಲಿ ಒಂದು ಹಳೆಯ ಮನೆಯ ಮೇಲಿನ ಮಹಡಿ ಬಾಡಿಗೆಗೆ ಸಿಕ್ಕಿತು. ಆಗ ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಸೆಕ್ಟರ್ ಫೈವ್, ಸೆಕ್ಟರ್ ಫೈವ್. ಗಾಜಿನ ಕಟ್ಟಡಗಳು, ಕಂಪ್ಯೂಟರಿನ ಹುಡುಗರು, ಅವರನ್ನು ಹೊತ್ತು ತಿರುಗುವ ಬಿಳಿ ಕಾರುಗಳು. ಬಾರಾನಗರಕ್ಕೆ ಅದರ ಗಾಳಿ ತಾಗಿದ್ದು ಒಂದೇ ರೀತಿಯಲ್ಲಿ: ಮುಚ್ಚಿದ ಕಾರ್ಖಾನೆಗಳ ಜಾಗದಲ್ಲಿ ಫ್ಲ್ಯಾಟುಗಳು ಏಳತೊಡಗಿದ್ದವು.

ಹಾಗೆ ಮುಚ್ಚಿದ್ದರಲ್ಲಿ ಒಂದು ಬಿಸ್ಕತ್ತು ಕಾರ್ಖಾನೆ. ನಮ್ಮ ಮನೆಯ ಯಜಮಾನರು ಅಲ್ಲಿ ಓವನ್ನಿನ ಮೇಸ್ತ್ರಿಯಾಗಿದ್ದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಕೆಳಗಿನ ಮನೆಯಲ್ಲಿ ಒಬ್ಬರೇ. ಅಲ್ಲಿಯ ರೂಢಿಯಂತೆ ನಾನು ಅವರನ್ನು ಮೇಶೋಮಶಾಯ್ ಎಂದು ಕರೆಯುತ್ತಿದ್ದೆ, ಚಿಕ್ಕಪ್ಪ ಅಂದಂತೆ. ಅವರಿಗೆ ನಾನು ಬೌಮಾ, ಅಂದರೆ ಸೊಸೆ. ನನ್ನ ಮಗಳಿಗೆ ಅವರು ದಾದು, ಅಂದರೆ ಅಜ್ಜ. ಅವರದು ಬಂಗಾಳಿ ಬೆರೆತ ಹಿಂದಿ, ನನ್ನದು ಕನ್ನಡ ಬೆರೆತ ಹಿಂದಿ. ನಡುವೆ ಹಿಂದಿಯ ಅವಸ್ಥೆ ಏನಾಗುತ್ತಿತ್ತೆಂದು ಕೇಳಬೇಡಿ. ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ.

ಸಂಜೆ ಶ್ಯಾಮಬಜಾರಿನ ಶಾಖೆಯಿಂದ ಬಸ್ಸಿನಲ್ಲಿ ಜೋತಾಡಿ ಬಂದು ಇಳಿದರೆ ಮೇಶೋಮಶಾಯ್ ಮುಂಬಾಗಿಲ ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ ಹಾಕಿ ಕೂತಿರುತ್ತಿದ್ದರು. ಒಂದು ಅವರದು, ಒಂದು ನನ್ನದು. ಟೀ ಬರುತ್ತಿತ್ತು, ಸಾಸರಿನ ಅಂಚಿನಲ್ಲಿ ಕಿತ್ತಳೆ ಕ್ರೀಮಿನ ಬಿಸ್ಕತ್ತು. ಆ ಅರ್ಧ ಗಂಟೆ ನಾವು ಮಾತಾಡುತ್ತಿದ್ದುದು ಕೇವಲ ಚಿಂತೆಗಳನ್ನು. ಅವರಿಗೆ ಗಂಗೆಯ ನೀರು ಉಕ್ಕುವ ಭರತದ ಚಿಂತೆ, ಗೋಡೆಯ ಬಿರುಕಿನ ಚಿಂತೆ. ನನಗೆ ಮಗಳ ಕೆಮ್ಮಿನ ಚಿಂತೆ, ಕೆಮ್ಮದಿದ್ದರೆ ಯಾಕೆ ಕೆಮ್ಮುತ್ತಿಲ್ಲವೆಂಬ ಚಿಂತೆ. ನನ್ನ ಗಂಡನಿಗೆ ಏನು ಹೇಳಿದರೂ "ಎಂತ ಆಗುದಿಲ್ಲ ಮಾರಾಯ್ತಿ" ಎಂಬ ಒಂದೇ ಉತ್ತರ. ಮೇಶೋಮಶಾಯ್ ಹಾಗಲ್ಲ. ಪೂರ್ತಿ ಕೇಳಿ, "ಅಷ್ಟೇ ಅಲ್ಲ ಬೌಮಾ, ಇನ್ನೊಂದೂ ಆಗಬಹುದು" ಎನ್ನುತ್ತಿದ್ದರು. ಪರ ಊರಿನಲ್ಲಿ ನನ್ನನ್ನು ಅಷ್ಟು ಅರ್ಥ ಮಾಡಿಕೊಂಡವರು ಬೇರೆ ಯಾರೂ ಇರಲಿಲ್ಲ. ಆ ಅರ್ಧ ಗಂಟೆಯ ಆಸೆಗೇ ನಾನು ಅಷ್ಟು ಬಸ್ಸುಗಳನ್ನು ಸಹಿಸುತ್ತಿದ್ದೆ.

ಅವರ ಒಂದು ವಿಚಿತ್ರ ಅಭ್ಯಾಸದಿಂದ ಮಾತ್ರ ನನಗೆ ಮೊದಲು ನೋವಾಗಿತ್ತು. ಚೌತಿಗೆ ಪಂಚಕಜ್ಜಾಯ, ಅಷ್ಟಮಿಗೆ ಚಕ್ಕುಲಿ ಎಂದು ಏನು ಕೊಂಡುಹೋದರೂ ಎರಡೂ ಕೈಯಿಂದ ತಕ್ಕೊಂಡು ಹಣೆಗೆ ಒತ್ತಿಕೊಳ್ಳುತ್ತಿದ್ದರು, ತಿನ್ನುತ್ತಿರಲಿಲ್ಲ. ನನ್ನ ಚಕ್ಕುಲಿಯನ್ನು ಎದುರುಮನೆಯ ಬೆಕ್ಕು ಬಾಯಿ ಸೊಟ್ಟ ಮಾಡಿಕೊಂಡು ಅಗಿಯುವುದನ್ನು ಕಣ್ಣಾರೆ ಕಂಡೆ. ಕೊನೆಗೆ ಎದುರುಮನೆಯ ಬುಲುದಿಯೇ ಸಮಾಧಾನ ಹೇಳಿದಳು. "ಬೇಜಾರು ಮಾಡ್ಕೋಬೇಡ. ಅವರು ಯಾರ ಮನೇದೂ ತಿನ್ನಲ್ಲ. ಮನುಷ್ಯರ ಕೈ ಮುಟ್ಟಿದ್ದು ಅವರಿಗಾಗಲ್ಲ. ಅನ್ನ ಕುಕ್ಕರಿನಲ್ಲಿ, ಊಟ ಚಮಚದಲ್ಲಿ. ಬಿಟ್ಟರೆ ಆ ಬಿಸ್ಕತ್ತು. ಹಾಳು ಬೆಕ್ಕಿಗೆ ಯೋಗ!"

ಹೀಗಿರುವಾಗ ಮಗಳ ಶಾಲೆಯವರು ಆರನೇ ತರಗತಿಯನ್ನು ಬಿಸ್ಕತ್ತು ಕಾರ್ಖಾನೆಗೆ ಕರೆದೊಯ್ಯುವುದೆಂದು ನಿಶ್ಚಯಿಸಿದರು. ಊರ ಹೊರಗೆ ಹೊಸದಾಗಿ ತೆರೆದದ್ದು. ಬಸ್ಸು ದೂರ ಹೋಗಬೇಕು, ಚಾಲಕ ಎಂಥವನೋ ಏನೋ. ರಜೆ ಹಾಕಿ ನಾನೂ ಹೊರಟೆ. ಮಗಳು ಪಲ್ಲವಿ ಕೈಮುಗಿದಳು. "ಅಮ್ಮಾ ಪ್ಲೀಸ್, ಅಲ್ಲಿ ಎಲ್ಲರ ಎದುರು ಕ್ವೆಶ್ಚನ್ಸ್ ಕೇಳ್ಬೇಡ."

ಕೇಳದಿರಲು ಪ್ರಯತ್ನ ಪಟ್ಟೆ. ಎಲ್ಲರಿಗೂ ತಲೆಗೆ ಕಾಗದದ ಟೋಪಿ ಕೊಟ್ಟರು. ಒಳಗೆ ಆಸ್ಪತ್ರೆಯಂಥ ನೈರ್ಮಲ್ಯ. ಸಿಮೆಂಟು ಕಲಸುವಂಥ ದೊಡ್ಡ ಹೊಟ್ಟೆಯ ಯಂತ್ರದಲ್ಲಿ ಹಿಟ್ಟು ಹೊರಳುತ್ತಿತ್ತು. ವನಸ್ಪತಿಯ ಪೆಟ್ಟಿಗೆಗಳು ಗೋಡೆ ಕಟ್ಟಿದಂತೆ ಸೂರಿನವರೆಗೆ. ಹಿಟ್ಟಿನ ಹಾಳೆ ಉದ್ದಕ್ಕೆ ಹರಿದು, ಬಿಲ್ಲೆಗಳಾಗಿ, ರೈಲಿನಂತೆ ಓವನ್ನಿನ ಸುರಂಗಕ್ಕೆ ನುಗ್ಗುತ್ತಿತ್ತು. ಒಡೆದ ಬಿಸ್ಕತ್ತುಗಳು ಬೇರೆಯಾಗಿ ಪುಡಿಯಾಗಿ ಮರಳಿ ಹಿಟ್ಟಿಗೇ ಸೇರುತ್ತಿದ್ದವು. ಬಿಸ್ಕತ್ತಿಗೂ ಪುನರ್ಜನ್ಮವುಂಟೆಂದು ಅಂದೇ ಗೊತ್ತಾದದ್ದು. ಕೊನೆಗೆ ಒಂದು ಕೊಳವೆಯಿಂದ ಕಿತ್ತಳೆ ಬಣ್ಣದ ಕ್ರೀಮು ಪಚಕ್ ಪಚಕ್ ಎಂದು ಬೀಳುತ್ತಿತ್ತು. ಮಕ್ಕಳು ಸ್ವರ್ಗ ಕಂಡವರಂತೆ ಕುಣಿದರು.

ಮ್ಯಾನೇಜರು ಯುವಕ, ಟೈ ಕಟ್ಟಿದ್ದ. "ಮೇಡಂ, ಸೆಕ್ಟರ್ ಫೈವಿನ ಕ್ಯಾಂಟೀನುಗಳಿಗೆಲ್ಲ ನಮ್ಮದೇ. ಆ ಹುಡುಗರು ರಾತ್ರಿಯೆಲ್ಲ ಕೆಲಸ ಮಾಡ್ತಾರೆ. ಕಂಪ್ಯೂಟರಿಗೆ ಕರೆಂಟು, ಅವರಿಗೆ ನಮ್ಮ ಕ್ರೀಮ್."

ತಡೆಯಲಾಗಲಿಲ್ಲ. "ಕಿತ್ತಳೆಹಣ್ಣು ಎಲ್ಲಿ ಹಾಕ್ತೀರಿ?" ಎಂದು ಕೇಳಿಬಿಟ್ಟೆ. ಪಲ್ಲವಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು.

ಅವನು ನಕ್ಕು ಒಂದು ಕಪಾಟು ತೆರೆದು, ಮುಷ್ಟಿಯಷ್ಟೇ ಇದ್ದ ಒಂದು ತಗಡಿನ ಡಬ್ಬಿಯ ಮುಚ್ಚಳ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದ. ಚಳಿಗಾಲದಲ್ಲಿ ದಾರ್ಜಿಲಿಂಗಿನಿಂದ ಬರುವ ಬುಟ್ಟಿಗಟ್ಟಲೆ ಕಿತ್ತಳೆಯನ್ನು ಒಟ್ಟಿಗೇ ಸುಲಿದಂತಾಯಿತು. ಕಣ್ಣಲ್ಲಿ ನೀರು ಬಂತು. "ಹಣ್ಣೇ ಬೇಡ ಮೇಡಂ. ಇಷ್ಟು ಎಸೆನ್ಸ್ ಸಾಕು, ವಾರಕ್ಕೆ ಬರುತ್ತೆ. ಎಲ್ಲಾ ಸರ್ಕಾರ ಒಪ್ಪಿದ್ದೇ. ಮತ್ತೆ ನೋಡಿ, ಎಲ್ಲೂ ಕೈ ಮುಟ್ಟಿಲ್ಲ."

ನನಗೆ ತಲೆ ಕೆಟ್ಟದ್ದು ಅಲ್ಲೇ. ಜಿರಲೆ ಕಂಡಿದ್ದರೆ, ಕೊಳಕು ನೀರು ಕಂಡಿದ್ದರೆ ಎಷ್ಟು ಸುಖವಾಗಿರುತ್ತಿತ್ತು! ಬೈದು ಹಗುರಾಗಬಹುದಿತ್ತು. ಇಲ್ಲಿ ಬೈಯಲು ಒಬ್ಬರೂ ಇಲ್ಲ. ಎಲ್ಲ ಶುಭ್ರ, ಎಲ್ಲ ಕಾನೂನಿನಂತೆ, ಎಲ್ಲರೂ ನಗುಮುಖದವರು. ಆದರೆ ಇಷ್ಟು ವರ್ಷ ನಾನು ಕಿತ್ತಳೆಯೆಂದು ಚಪ್ಪರಿಸಿದ್ದು ಕಿತ್ತಳೆಯ ನೆನಪನ್ನು ಮಾತ್ರ. ಅದೂ ಇನ್ಯಾರದೋ ನೆನಪು. ಹೊರಡುವಾಗ ಮಕ್ಕಳಿಗೆಲ್ಲ ಒಂದೊಂದು ಪೊಟ್ಟಣ ಕೊಟ್ಟರು. ಸೀರೆಯಲ್ಲಿ ಉಳಿದ ಆ ಪರಿಮಳ ಎರಡು ಸಲ ಒಗೆದರೂ ಹೋಗಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ನನ್ನ ಗಂಡ ಇಂದಿಗೂ ತುರ್ತುಪರಿಸ್ಥಿತಿ ಎನ್ನುತ್ತಾರೆ. ಬಿಸ್ಕತ್ತು ಹೋಯಿತು. ಅದರ ಹಿಂದೆ ಬ್ರೆಡ್ಡು ಹೋಯಿತು, ಸಾಸು, ಜಾಮು, ನೂಡಲ್ಸು ಹೋದವು. ಭೂತಗನ್ನಡಿ ಬಂತು. ಪೊಟ್ಟಣದ ಹಾಲಿನ ಮೇಲೆ ಸಂಶಯ ಬಂದು, ಬೆಳಗಾಗೆದ್ದು ಗಂಡನನ್ನು ಕ್ಯಾನು ಕೊಟ್ಟು ಎಮ್ಮೆ ಕೊಟ್ಟಿಗೆಗೆ ಅಟ್ಟಿದೆ. ಅವರು ನಿದ್ದೆಗಣ್ಣಿನಲ್ಲೇ ಹೋಗಿ ಬರುತ್ತಿದ್ದರು. ಒಂದು ಭಾನುವಾರ ನಾನೇ ಹೋದಾಗ ಆ ಎಮ್ಮೆ ಗಂಭೀರವಾಗಿ ಒಂದು ಪ್ಲಾಸ್ಟಿಕ್ ಚೀಲವನ್ನು ಮೆಲ್ಲುತ್ತಿರುವುದು ಕಂಡಿತು. ಸೋಮವಾರದಿಂದ ಮತ್ತೆ ಪೊಟ್ಟಣದ ಹಾಲು. "ಅಂತೂ ಎಮ್ಮೆ ಸಹ ಪ್ಯಾಕೆಟ್ಟೇ ತಿನ್ನುದು ಅಂತಾಯ್ತು" ಎಂದು ಗಂಡ ಮತ್ತೆ ಮುಸುಕೆಳೆದುಕೊಂಡರು.

ಮಗಳ ಟಿಫಿನ್ನಿಗೆ ದೋಸೆ, ಅವಲಕ್ಕಿ, ಉಂಡೆ. ಅವಳು ಜಗಳವಾಡದೆ ಒಪ್ಪಿಕೊಂಡದ್ದು ಕಂಡು ನನಗೆ ಹೆಮ್ಮೆಯಾಯಿತು. ಆಮೇಲೆ ತಿಳಿಯಿತು, ಅವಳ ಗೆಳತಿಯರಿಗೆ ನನ್ನ ದೋಸೆಯೆಂದರೆ ಪ್ರಾಣ, ಒಂದು ದೋಸೆಗೆ ಅವರು ಕ್ರೀಮ್ ಬಿಸ್ಕತ್ತು ಕೊಡುತ್ತಿದ್ದರು.

"ಇದೆಂತ ಪಲ್ಲೂ?"

"ಎಕ್ಸ್‌ಚೇಂಜ್ ಅಮ್ಮಾ. ನೀನು ಬ್ಯಾಂಕ್‌ನಲ್ಲಿ ಇದ್ದಿ, ಇಷ್ಟೂ ಗೊತ್ತಿಲ್ವಾ?"

ಆದರೆ ಇವೆಲ್ಲ ನಮ್ಮ ಮನೆಯೊಳಗಿನ ಮಾತು. ನಿಜವಾದ ಹಾನಿ ಆಗಿದ್ದು ಕೆಳಗಿನ ಜಗಲಿಯಲ್ಲಿ.

ಕಾರ್ಖಾನೆಯಿಂದ ಬಂದ ಆ ಸಂಜೆ ನನ್ನ ಉತ್ಸಾಹ ಹೇಗಿತ್ತೆಂದರೆ, ಚಪ್ಪಲಿ ಬಿಡುವ ಮುಂಚೆಯೇ ಮೇಶೋಮಶಾಯರಿಗೆ ವರದಿ ಒಪ್ಪಿಸತೊಡಗಿದೆ. ವನಸ್ಪತಿಯ ಗೋಡೆ, ಬಣ್ಣದ ಕ್ರೀಮು, ಪುನರ್ಜನ್ಮ, ಮುಷ್ಟಿಯಷ್ಟು ಡಬ್ಬಿ. "ಅದು ಆಹಾರವೇ ಅಲ್ಲ ಮೇಶೋಮಶಾಯ್! ಆಹಾರದ ವೇಷ!" ಎಂದೆ. ಹೇಳುತ್ತಾ ಹೇಳುತ್ತಾ ಸಾಸರಿನ ಅಂಚಿನ ಬಿಸ್ಕತ್ತನ್ನು ಎರಡು ಬೆರಳಿನಿಂದ ಎತ್ತಿ, ಸತ್ತ ಹಲ್ಲಿಯನ್ನು ಎತ್ತುವಂತೆ, ಅವರ ತಟ್ಟೆಗೇ ಹಾಕಿಬಿಟ್ಟೆ.

ಅವರು ಆ ಬಿಸ್ಕತ್ತನ್ನು ನೋಡುತ್ತ ಕೂತರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಹಾಗಾದ್ರೆ ಜೀವಮಾನವೆಲ್ಲ ನಾನು ಏನು ಮಾಡಿದೆ, ಬೌಮಾ?"

ನಾನು ಬಸ್ಸಿನ ವಿಷಯ ಏನೋ ಹೇಳಿ ಟೀ ಕುಡಿದು ಮೇಲೆ ಬಂದೆ.

ಮರುದಿನ ಸಾಸರು ಬರಿದಾಗಿತ್ತು. ನನ್ನದಷ್ಟೇ ಅಲ್ಲ, ಅವರದೂ. ಮಾತೂ ಹಾಗೆಯೇ. ನಾನು ಮಗಳ ಕೆಮ್ಮಿನ ವಿಷಯ ಎತ್ತಿದರೆ, "ಏನಾಗಲ್ಲ, ಬಿಡು" ಎಂದರು. ಅಯ್ಯೋ, ನನ್ನ ಗಂಡನ ಮಾತು ಅವರ ಬಾಯಲ್ಲಿ!  ಮುಂದಿನ ವಾರ ಜಗಲಿಯಲ್ಲಿ ಒಂದೇ ಕುರ್ಚಿ. ಟೀ ಲೋಟದ ಮೇಲೆ ಮುಚ್ಚಳ ಮುಚ್ಚಿಟ್ಟು, ಅವರು ಒಳಗೆ ರೇಡಿಯೋ ಹಾಕಿಕೊಂಡು ಕೂತಿರುತ್ತಿದ್ದರು. ಟೀ ನಿಲ್ಲಿಸಲಿಲ್ಲ ನೋಡಿ. ನಿಲ್ಲಿಸಿದ್ದರೆ ಜಗಳವಾದರೂ ಆಡಬಹುದಿತ್ತು.

"ನಿಮ್ಗೆ ಗೊತ್ತುಂಟಾ, ಅವರು ನನ್ನ ಹತ್ರ ಚಿಂತೆ ಹೇಳುದೇ ಬಿಟ್ಟಿದ್ದಾರೆ" ಎಂದು ಗಂಡನ ಹತ್ತಿರ ಅತ್ತುಕೊಂಡೆ.

"ಒಳ್ಳೇದಲ್ವಾ?"

"ನಿಮ್ಗೆ ಅರ್ಥ ಆಗುದಿಲ್ಲ."

"ಒಂದು ಬಿಸ್ಕೆಟ್ ತಿಂದ್ರೆ ಯಾರೂ ಸಾಯುದಿಲ್ಲ ಮಾರಾಯ್ತಿ. ಹೋಗಿ ತಿಂದು ಬಾ."

"ಹಾಗೆ ಹೇಳಿ ಹೇಳಿಯೇ ಎಲ್ಲರೂ ಸಾಯುದು!"

ತಿನ್ನಬಹುದಿತ್ತು. ಆದರೆ ಆ ಪರಿಮಳ ನೆನಪಾದರೆ ಆ ತಗಡಿನ ಡಬ್ಬಿಯೇ ಕಣ್ಣೆದುರು ಬರುತ್ತಿತ್ತು. ನಟನೆ ನನಗೆ ಬಾರದು. ಮುಖ ನೋಡಿಯೇ ಅವರಿಗೆ ಗೊತ್ತಾಗುತ್ತಿತ್ತು. ಹಗಲಿರುಳು ಯೋಚಿಸಿ ಒಂದು ಉಪಾಯ ಕಂಡುಹಿಡಿದೆ. ಮನುಷ್ಯರ ಕೈಯೂ ಮುಟ್ಟದ, ಯಂತ್ರವೂ ಮುಟ್ಟದ ತಿಂಡಿ ಯಾವುದು? ಬಾಳೆಹಣ್ಣು! ದೇವರೇ ಪ್ಯಾಕ್ ಮಾಡಿದ್ದು. ಒಂದು ಚಿಪ್ಪು ಹಿಡಿದುಕೊಂಡು, ಅವರನ್ನು ರೇಡಿಯೋದ ಮುಂದಿನಿಂದ ಎಬ್ಬಿಸಿ, ಕುರ್ಚಿಯನ್ನು ನಾನೇ ಹೊರಗೆ ಹಾಕಿದೆ.

ಮೇಶೋಮಶಾಯ್ ಒಂದು ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಬಹಳ ದಿನದ ಮೇಲೆ ಅವರ ಕಣ್ಣಿನಲ್ಲಿ ಒಂದು ಹೊಳಪು ಕಂಡಿತು.

"ಬೌಮಾ, ತೊಟ್ಟು ಹಸಿರು, ಮೈ ಹಳದಿ. ಗೋದಾಮಿನಲ್ಲಿ ಪುಡಿ ಹಾಕಿ ಹಣ್ಣು ಮಾಡಿದ್ದು. ಕಾರ್ಬೈಡ್ ಅಂತಾರೆ, ಗ್ಯಾಸ್ ವೆಲ್ಡಿಂಗ್ ಮಾಡೋಕೆ ಉಪಯೋಗಿಸ್ತಾರಲ್ಲ, ಅದೇ. ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಅಂದಿನಿಂದ ಬಾಳೆಹಣ್ಣೂ ಹೋಯಿತು. ಇಬ್ಬರು ಚಿಂತಾಮಣಿಗಳ ನಡುವೆ ಒಂದು ಖಾಲಿ ತಟ್ಟೆ ಉಳಿಯಿತು. ಅದನ್ನು ನೋಡಿ ನನಗೆ ನಗು ಬಂತು. ಅವರಿಗೂ ಬಂತು. ನಕ್ಕ ಧೈರ್ಯದಲ್ಲಿ ಕೇಳಿದೆ:

"ಮೇಶೋಮಶಾಯ್, ನನಗೆ ಮಿಷನ್ನಿನ ಹೆದರಿಕೆ. ನಿಮಗೆ ಕೈಯ ಹೆದರಿಕೆ ಯಾಕೆ?"

ಅವರು ಟೀ ಮುಗಿಸಿ, ಲೋಟವನ್ನು ಕೆಳಗಿಟ್ಟು ಹೇಳಿದರು. ಅವರಿಗೊಬ್ಬ ತಮ್ಮನಿದ್ದ, ಮನೆಯಲ್ಲಿ ಖೋಕನ್ ಎಂದು ಕರೆಯುತ್ತಿದ್ದರು. ಜಾತ್ರೆಗೆ ಅಣ್ಣನ ಕೈ ಹಿಡಿದು ಹೋದವನು ಬಯಲಲ್ಲಿ ಮಾರುತ್ತಿದ್ದ ಸಿಹಿಗೆ ಹಟ ಮಾಡಿದ. ಅಣ್ಣ ಕೊಡಿಸಿದ. ಮಾರುವವನು ಕೈಯಲ್ಲೇ ಒತ್ತಿ ಕೊಟ್ಟಿದ್ದ, ಉಗುರಿನ ಗುರುತು ಸಿಹಿಯ ಮೇಲಿತ್ತು. ಆ ರಾತ್ರಿ ವಾಂತಿಭೇದಿ. ಬೆಳಗಾಗುವಾಗ ಖೋಕನ್ ಇರಲಿಲ್ಲ.

"ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ನನಗೆ ಆ ಉಗುರಿನ ಗುರುತು... ಯಾರು ಏನು ಕೊಟ್ಟರೂ ಅದೇ ಕಾಣ್ತಿತ್ತು. ಕಾರ್ಖಾನೆಗೆ ಸೇರಿದ ಮೊದಲ ದಿನ ಬೆಲ್ಟಿನ ಪಕ್ಕ ನಿಂತು ನೋಡಿದೆ. ಹಿಟ್ಟು ಹೋಗ್ತಾ ಇದೆ, ಬೇಯ್ತಾ ಇದೆ, ಪೊಟ್ಟಣ ಆಗ್ತಾ ಇದೆ, ಯಾರೂ ಮುಟ್ತಾ ಇಲ್ಲ. ಇದನ್ನು ತಿಂದು ಯಾವ ಮಗುವೂ ಸಾಯಲ್ಲ ಅಂತ ಅನಿಸ್ತು. ಅಷ್ಟಕ್ಕೇ ನಾನು ಅಲ್ಲಿದ್ದೆ, ಬೌಮಾ. ಕಿತ್ತಳೆ ಇದೆಯೋ ಇಲ್ಲವೋ ನಾನು ನೋಡಲೇ ಇಲ್ಲ."

ಗಂಗೆಯ ಕಡೆಯಿಂದ ದೋಣಿಯ ಭೋಂಕಾರ ಕೇಳಿಸಿತು. ಇಬ್ಬರ ಲೋಟಗಳನ್ನೂ ನಾನೇ ಎತ್ತಿ ಒಳಗಿಟ್ಟು ಬಂದೆ. 

ಕುರ್ಚಿಗಳು ಮತ್ತೆ ಎರಡಾದವು. ತಟ್ಟೆ ಮಾತ್ರ ಖಾಲಿಯೇ. ಅಷ್ಟರಲ್ಲಿ ಪೂಜೆ ಬಂತು. ಕಲ್ಕತ್ತೆಯಲ್ಲಿ ಪೂಜೆಯೆಂದರೆ ದುರ್ಗೆಯದ್ದು, ಉಳಿದ ದೇವರಿಗೆಲ್ಲ ರಜೆ. ದಶಮಿಯ ದಿನ ದೇವಿಯನ್ನು ನೀರಿಗೆ ಬಿಟ್ಟ ಮೇಲೆ ಬಿಜೊಯಾ. ಚಿಕ್ಕವರು ಮನೆಮನೆಗೆ ಹೋಗಿ ಹಿರಿಯರ ಕಾಲು ಮುಟ್ಟುತ್ತಾರೆ, ಹಿರಿಯರು ಸಿಹಿ ಕೊಡುತ್ತಾರೆ. ಅಂದು ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ. ಸಕ್ಕರೆ ಕಾಯಿಲೆಯವರೂ ಒಂದು ಚೂರು ಬಾಯಿಗೆ ಹಾಕಿಕೊಳ್ಳಲೇಬೇಕು. ಬೇಡ ಅಂದರೆ ಆಶೀರ್ವಾದ ಬೇಡ ಅಂದಂತೆ. ಎಲ್ಲರ ಮನೆಯಲ್ಲಿ ತೆಂಗಿನಕಾಯಿಯ ನಾಡು, ನಮ್ಮ ಕಾಯಿ ಉಂಡೆಯೇ ಅದು. ಮೇಶೋಮಶಾಯರ ಮನೆಯಲ್ಲಿ ಮಾತ್ರ ಕಿತ್ತಳೆ ಕ್ರೀಮ್ ಬಿಸ್ಕತ್ತು. ಕೇರಿಯವರು ಅವರ ಮನೆಗೇ ಮೊದಲು ಹೋಗಿ ಆ ಶಾಸ್ತ್ರ ಮುಗಿಸಿಕೊಳ್ಳುತ್ತಿದ್ದರು.

ನಾನು ಹೋಗಬೇಕು. ಹೋದರೆ ತಿನ್ನಬೇಕು. ಹೋಗದಿದ್ದರೆ ಮೊನ್ನೆ ಮೊನ್ನೆ ಹಿಂದಿರುಗಿದ ಆ ಕುರ್ಚಿ ಶಾಶ್ವತವಾಗಿ ಒಳಗೆ ಹೋಗುತ್ತದೆ. ತೆಂಗಿನಕಾಯಿ ತುರಿಯುತ್ತ ಕೂತೆ. ಕೈಗೆ ಕೆಲಸ ಇದ್ದರೆ ನನ್ನ ತಲೆ ಸ್ವಲ್ಪ ನಿಧಾನವಾಗಿ ಓಡುತ್ತದೆ. ಬೆಲ್ಲದ ಪಾಕಕ್ಕೆ ಕಾಯಿ ಹಾಕಿ ಮಗುಚಿದೆ. ಉಂಡೆ ಕಟ್ಟಲು ಕೈ ಒದ್ದೆ ಮಾಡಿಕೊಂಡವಳು ಹಾಗೆಯೇ ನಿಂತೆ. ಕೈ ಒರೆಸಿಕೊಂಡು, ಬಿಸಿ ಪಾಕವನ್ನು ಉಂಡೆ ಕಟ್ಟದೆ ಸ್ಟೀಲಿನ ಡಬ್ಬಿಗೆ ಸುರಿದು ಮುಚ್ಚಳ ಬಿಗಿದೆ.

"ಹೀಗೆ ಗಂಜಿ ತರ ಕೊಂಡೋಗುದಾ?" ಎಂದರು ಗಂಡ.

"ನಿಮ್ಗೆ ಅರ್ಥ ಆಗುದಿಲ್ಲ" ಎಂದೆ. ಆ ವರ್ಷ ನಾನು ಆ ಮಾತನ್ನು ಬಹಳ ಸಲ ಹೇಳಿದ್ದೇನೆ.

ಪಲ್ಲವಿಯನ್ನು ಕರೆದುಕೊಂಡು ಕೆಳಗಿಳಿದೆ. ಮೇಶೋಮಶಾಯ್ ಇಸ್ತ್ರಿ ಮಾಡಿದ ಧೋತಿ ಉಟ್ಟು ಕೂತಿದ್ದರು. ಮೇಜಿನ ಮೇಲೆ ಪಿಂಗಾಣಿ ತಟ್ಟೆಯಲ್ಲಿ ಬಿಸ್ಕತ್ತುಗಳು ಸಾಲಾಗಿ, ಬೆಲ್ಟಿನ ಮೇಲೆ ಬರುವಂತೆಯೇ. ಕಾಲು ಮುಟ್ಟಿದೆವು. ತಲೆಯ ಮೇಲೆ ಕೈ ಇಟ್ಟರು. ತಟ್ಟೆಯ ಕಡೆಗೆ ಕೈ ಹೋಯಿತು, ಅರ್ಧದಲ್ಲಿ ನಿಂತಿತು. ಮಗಳಿಗೆ ಮಾತ್ರ ಕೊಟ್ಟರು. ನನಗೆ ಕೊಡಲಿಲ್ಲ. ನಾನು ಬೇಡ ಅನ್ನುವ ಸಂಕಟವನ್ನೇ ತಪ್ಪಿಸಲು ಅವರು ಕೊಡದೆ ಉಳಿದರು. ಬಿಜೊಯಾದ ದಿನ ಹಿರಿಯರು ಬರಿಗೈಯಲ್ಲಿ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಡಬ್ಬಿಯ ಮುಚ್ಚಳ ತೆಗೆದೆ.

"ಇದನ್ನು ಇನ್ನೂ ಯಾರೂ ಮುಟ್ಟಿಲ್ಲ, ಮೇಶೋಮಶಾಯ್. ನಿಮ್ಮ ಎದುರಿಗೇ ಕಟ್ತೇನೆ. ಹೇಗೆ ಕೈ ತೊಳೀಬೇಕು ಅಂತ ನೀವೇ ಹೇಳಿ."

ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಹಬೆ ಏಳುತ್ತಿತ್ತು. ಬಾಗಿಲವರೆಗೆ ಹೋಗಿ ಹಿಂದೆ ಬಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಬಳೆ ತೆಗಿ."

ತೆಗೆದೆ.

"ಉಂಗುರ?"

ತೆಗೆದು ಪಲ್ಲವಿಯ ಕೈಗೆ ಕೊಟ್ಟೆ. ಹಿತ್ತಲ ನಲ್ಲಿಯ ಹತ್ತಿರ ಕೆಂಪು ಸಾಬೂನು ಕೊಟ್ಟರು. ಮೊಣಕೈವರೆಗೆ ತೊಳೆಸಿದರು. ಶಾಲೆಯ ಮಾಸ್ತರಂತೆ ಉಗುರುಗಳನ್ನು ಒಂದೊಂದಾಗಿ ನೋಡಿ, ಮತ್ತೊಮ್ಮೆ ತೊಳೆಸಿದರು. ಸೆರಗಿಗೆ ಒರೆಸಿಕೊಳ್ಳಲು ಹೋದರೆ, "ಆ ಸೀರೆ ಬಸ್ಸಿನಲ್ಲೆಲ್ಲ ಓಡಾಡಿದ್ದಲ್ವಾ? ಗಾಳಿಗೆ ಒಣಗಲಿ" ಎಂದರು. ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರಂತೆ ಎರಡೂ ಕೈ ಮೇಲೆತ್ತಿಕೊಂಡು ನಾನು ಹಿತ್ತಲಲ್ಲಿ ನಿಂತಿದ್ದೆ.

"ಅಮ್ಮಾ, ಯೂ ಲುಕ್ ಅರೆಸ್ಟೆಡ್" ಎಂದಳು ಮಗಳು ಬಾಯಲ್ಲಿ ಬಿಸ್ಕತ್ತು ತುಂಬಿಕೊಂಡು.

ಒಂದು ಉಂಡೆ ಕಟ್ಟಿದೆ. ಅವರು ನನ್ನ ಅಂಗೈಯನ್ನೇ ನೋಡುತ್ತಿದ್ದರು. ಉಂಡೆಯ ಮೇಲೆ ನನ್ನ ಬೆರಳಿನ ಗುರುತು ಮೂಡಿತು. ಅದನ್ನು ಅಳಿಸಲೆಂದು ಮತ್ತೆ ಉರುಳಿಸಿದೆ, ಮತ್ತೆ ಮೂಡಿತು. ಕೈಯಲ್ಲಿ ಕಟ್ಟಿದ್ದಕ್ಕೆ ಕೈಯ ಗುರುತು ಇರದೆ ಹೇಗಿರುತ್ತದೆ? ನಿಲ್ಲಿಸಿ, ಹಾಗೆಯೇ ಮುಂದೆ ಹಿಡಿದೆ. ಚಮಚ ತರುತ್ತಾರೆಂದು ಎಣಿಸಿದ್ದೆ. ತರಲಿಲ್ಲ. ಎರಡು ಬೆರಳಿನಿಂದ ಅದನ್ನು ತಕ್ಕೊಂಡು, ಕಣ್ಣು ಮುಚ್ಚಿ, ಇಡಿಯಾಗಿ ಬಾಯಿಗೆ ಹಾಕಿಕೊಂಡರು.

ಬಹಳ ಹೊತ್ತು ಅಗಿದರು. 

"ದಾದು, ಚೆನ್ನಾಗಿದ್ಯಾ?" ಎಂದಳು ಪಲ್ಲವಿ, ಹಿಂದಿಯಲ್ಲಿ.

"ಸೈಜು ಸರಿ ಇಲ್ಲ" ಎಂದರು ಮೇಶೋಮಶಾಯ್, ಕಣ್ಣು ಮುಚ್ಚಿಕೊಂಡೇ. "ಒಂದು ಕಡೆ ಚಪ್ಪಟೆ. ನಮ್ಮ ಲೈನಿನಲ್ಲಾಗಿದ್ರೆ ರಿಜೆಕ್ಟ್." ಕಣ್ಣಿನಂಚು ಒದ್ದೆಯಾಗಿತ್ತು. ಬೆಲ್ಲದ ಬಿಸಿಗೂ ಇರಬಹುದು. ಆಮೇಲೆ ಕೈ ಚಾಚಿದರು. "ಇನ್ನೊಂದು ಕಟ್ಟು, ನೋಡೋಣ. ಇದಾದ್ರೂ ಉರುಟಾಗಲಿ."

ಎರಡನೆಯದನ್ನು ಅವರ ಕೈಗಿಟ್ಟು, ಕೇಳದೆ, ತಟ್ಟೆಯಿಂದ ನಾನೇ ಒಂದು ಬಿಸ್ಕತ್ತು ಎತ್ತಿಕೊಂಡೆ. ಕಚ್ಚಿದೆ. ಏನು ಹೇಳಲಿ, ರುಚಿಯಾಗಿತ್ತು! ನಾಚಿಕೆಯಾಗುವಷ್ಟು ರುಚಿ. ಅವರು ಓರೆಗಣ್ಣಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಆ ದಿನ ನನಗೆ ನಟಿಸುವ ಕಷ್ಟ ಬರಲಿಲ್ಲ.

ಇದನ್ನು ಕೇಳಿ ನಾನು ಸುಧಾರಿಸಿದೆನೆಂದು ತಿಳಿಯಬೇಡಿ. ಬಿಸ್ಕತ್ತಿನ ಪೊಟ್ಟಣ ಇಂದಿಗೂ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ. ಅಂಗಡಿಯದ್ದಾದರೆ ಬೆನ್ನು ಓದದೆ ಮುಟ್ಟುವುದಿಲ್ಲ. ಎದುರಿಗೆ ಒಬ್ಬ ಮನುಷ್ಯ ಕೂತು ಕೊಟ್ಟರೆ ಮಾತ್ರ ಓದಲು ಹೋಗುವುದಿಲ್ಲ.

ಬಿಜೊಯಾದ ಮರುದಿನ ಕಾಗೆ ಕೂಗುವ ಮೊದಲೇ ಎಚ್ಚರವಾಯಿತು. ಕಾಯಿ ಹಳತಾಗಿತ್ತೇ? ಬೆಲ್ಲ ಸೋಸಿದ್ದೆನೇ? ಕಾಯಿ ತುರಿಯುವಾಗ ಒಮ್ಮೆ ಸೀನಿದ ನೆನಪು. ಎಷ್ಟೋ ವರ್ಷದ ಮೇಲೆ ಒಬ್ಬ ಮುದುಕ ನನ್ನನ್ನು ನಂಬಿ ಬಾಯಿ ತೆರೆದಿದ್ದಾರೆ, ಅವರಿಗೇನಾದರೂ ಆದರೆ? ಗಂಡನನ್ನು ಎಬ್ಬಿಸಿದರೆ ಏನು ಹೇಳುತ್ತಾರೆಂದು ಗೊತ್ತಿತ್ತು. ಬರಿಗಾಲಿನಲ್ಲೇ ಮೆಟ್ಟಿಲಿಳಿದೆ.

ಅರ್ಧ ಇಳಿಯುವಾಗ ಕೆಳಗಿನಿಂದ ಯಾರೋ ಹತ್ತಿ ಬರುವ ಸದ್ದು. ಮಂಡಿನೋವಿನ ಮೇಶೋಮಶಾಯ್, ಮೇಲಿನ ಮಹಡಿಯ ಕಡೆ ತಲೆಹಾಕದೆ ಎಷ್ಟೋ ಕಾಲವಾಗಿದ್ದವರು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರುತ್ತಿದ್ದರು. ನನ್ನನ್ನು ಕಂಡು ನಿಂತರು. ನಾನೂ ನಿಂತೆ.

"ಹೊಟ್ಟೆ ಸರಿ ಇದೆಯಾ?" ಇಬ್ಬರೂ ಒಟ್ಟಿಗೇ ಕೇಳಿದೆವು.

"ನನಗೇನಾಗಿದೆ? ನಿನ್ನದು ಹೇಳು ಬೌಮಾ. ಅಭ್ಯಾಸ ತಪ್ಪಿತ್ತಲ್ಲ ನಿನಗೆ, ಆ ವನಸ್ಪತಿ..."

"ನನ್ನದು ಸರಿ ಇದೆ. ನಿಮ್ಮದು ನಿಜ ಹೇಳಿ."

"ನಿಜವಾಗಿ ಸರಿ ಇದೆ."

ಅವರ ಮಾತಿನ ಮೇಲೆ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅವರಿಗೂ ಬಂದಂತೆ ಕಾಣಲಿಲ್ಲ. ಯಾವುದಕ್ಕೂ ಸ್ವಲ್ಪ ಹೊತ್ತು ಕಾದು ನೋಡುವುದು ಒಳ್ಳೆಯದೆಂದು, ಇಬ್ಬರೂ ಅದೇ ಮೆಟ್ಟಿಲ ಮೇಲೆ ಕುಳಿತುಕೊಂಡೆವು.